ಹನ್ನೆರಡು ವೋಲ್ಟಿನ ಯಜಮಾನಿಕೆ

ಹಳೇ ಕಾರುಗಳ ಬ್ಯಾಟರಿಗಳಿಗೆ ಒಂದು ಸೌಜನ್ಯವಿತ್ತು. ಹೇಳದೆ ಕೇಳದೆ ಸಾಯುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಕ್ರ್‌ರ್... ಕ್ರ್‌ರ್...' ಎಂದು ನರಳಿ, ಬೀದಿಯವರನ್ನೆಲ್ಲ ಎಬ್ಬಿಸಿ, ಒಲ್ಲದ ಮನಸ್ಸಿನಿಂದ ಎಂಜಿನ್ನನ್ನು ತಿರುಗಿಸುತ್ತಿದ್ದವು. ಈ ನರಳಾಟ ನಾಲ್ಕು ವಾರ ನಡೆದ ಮೇಲೆ ಮನೆಯ ಹಿರಿಯರು 'ಸೆಲ್ಫ್ ತಗೊಳ್ತಿಲ್ಲ, ಬ್ಯಾಟರಿ ಡೌನ್' ಎಂದು ತೀರ್ಪು ಕೊಡುತ್ತಿದ್ದರು. ಹೈಬ್ರಿಡ್ ಕಾರಿನ ಸಣ್ಣ ಬ್ಯಾಟರಿಗೆ ಈ ಸಂಸ್ಕಾರವೇ ಇಲ್ಲ. ರಾತ್ರಿ ಸರಿಯಾಗಿತ್ತು, ಬೆಳಿಗ್ಗೆ ಇಲ್ಲ.

ಹೈಬ್ರಿಡ್‌ಗೆ ಬ್ಯಾಟರಿ ಎರಡು ಎನ್ನುವುದು ನಮ್ಮ ಬಂಧುಬಳಗದಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಫ್ರೀಮಾಂಟಿನಿಂದ ಮೈಸೂರಿಗೆ ಫೋನು ಮಾಡಿ 'ಕಾರಿನ ಬ್ಯಾಟರಿ ಹೋಯ್ತು' ಅಂದದ್ದೇ ತಡ, ಅತ್ತಿಗೆ 'ಅಯ್ಯೋ, ಎಷ್ಟು ಲಕ್ಷ?' ಎಂದರು. ಅವರು ಕೇಳಿದ್ದು ದೊಡ್ಡದರ ವಿಷಯ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂದಾಗಿನಿಂದ ಜನ ಹೆದರುತ್ತಿರುವುದೂ ಅದಕ್ಕೇ. ಪ್ರಿಯಸ್‌ನ ಎರಡನೇ, ಮೂರನೇ ತಲೆಮಾರುಗಳಲ್ಲಿ ಅದು 168 ಸೆಲ್ಲುಗಳ, 201.6 ವೋಲ್ಟಿನ ಭಾರೀ ಆಸಾಮಿ. ಕಂಪನಿ ವರ್ಷಗಟ್ಟಲೆ ವಾರಂಟಿ ಕೊಟ್ಟು ಸಾಕುತ್ತದೆ. ಸಣ್ಣದೋ ಬರೀ 12 ವೋಲ್ಟಿನದು. ಎಂಜಿನ್ನನ್ನು ತಿರುಗಿಸುವ ಕೆಲಸವೂ ಅದಕ್ಕಿಲ್ಲ. ಅದನ್ನು ದೊಡ್ಡ ಬ್ಯಾಟರಿಯ ಬಲದಲ್ಲಿ ಒಂದು ಮೋಟರು ಮಾಡುತ್ತದೆ. ನರಳಿಕೆ ಕೇಳದಿರುವುದು ಅದಕ್ಕೇ. ಭಾರ ಹೊತ್ತರಲ್ಲವೇ ನರಳುವುದು!

ಹಾಗಾದರೆ ಸಣ್ಣದು ಮಾಡುವುದೇನು? ಉಗ್ರಾಣ ತುಂಬ ಅಕ್ಕಿ ಇದೆ, ಬೀಗದ ಕೈ ಮಾತ್ರ ಅಜ್ಜಿಯ ಸೊಂಟದಲ್ಲಿದೆ ಎಂದಿಟ್ಟುಕೊಳ್ಳಿ. ಗುಂಡಿ ಒತ್ತಿದಾಗ ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ದಾರಿಗೆ ಅಡ್ಡ ನಿಂತ ರಿಲೇಗಳನ್ನು 'ಟಕ್' ಎಂದು ಜೋಡಿಸುವುದು ಈ 12 ವೋಲ್ಟು. ಅದು ಮಲಗಿದರೆ ಇನ್ನೂರು ವೋಲ್ಟು ಪಕ್ಕದಲ್ಲೇ ಇದ್ದೂ ಉಪವಾಸ.

ನಮ್ಮದು ಮಲಗಿದ್ದು ಡಿಸೆಂಬರಿನ ಮೈಸೂರು ಯಾತ್ರೆ ಮುಗಿಸಿ, ಮಾವನವರನ್ನೂ ಕರೆದುಕೊಂಡು ಮರಳಿದ ಮೇಲೆ. ಕಾರು ಒಂದು ತಿಂಗಳಿಡೀ ನಿಂತಲ್ಲೇ ನಿಂತಿತ್ತು. ನಿಂತ ಕಾರು ನಿದ್ದೆ ಮಾಡುತ್ತದೆ ಎಂದುಕೊಳ್ಳಬೇಡಿ. ಸ್ಮಾರ್ಟ್ ಕೀ ಹತ್ತಿರ ಬಂತೇ ಎಂದು ಹಗಲಿರುಳು ಕಿವಿಗೊಟ್ಟಿರುತ್ತದೆ, ಕಳ್ಳರಿಗಾಗಿ ಕೆಂಪು ದೀಪ ಮಿಣುಕಿಸುತ್ತಿರುತ್ತದೆ. ಎಲ್ಲಕ್ಕೂ ಸಣ್ಣದರ ಗಂಟೇ ಕರಗಬೇಕು. ನಾವು ಚಾಮುಂಡಿ ಬೆಟ್ಟ ಹತ್ತಿಳಿಯುವಷ್ಟರಲ್ಲಿ ಇಲ್ಲಿ ಗಂಟು ಖಾಲಿ.

ಮಾವನವರು ಮೂವತ್ತು ವರ್ಷ ಅಂಬಾಸಿಡರ್ ಆಳಿದವರು. ತೋಳು ಮಡಚಿಕೊಂಡೇ ಹೊರಗೆ ಬಂದರು.

"ತಳ್ಳಿದರಾಯಿತಮ್ಮ. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡು."

"ಕ್ಲಚ್ ಇಲ್ಲ, ಮಾವ."

"ಗೇರು?"

"ನೀವು ಹೇಳುವಂಥದ್ದು ಇಲ್ಲ."

"ಸೆಲ್ಫ್ ಮೋಟರು? ಡೈನಮೊ?"

ಎರಡೂ ಇಲ್ಲ. ಡೈನಮೊ ಬದಲು ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಇಳಿಸಿ ಸಣ್ಣದಕ್ಕೆ ಉಣಿಸುವ ಒಂದು ಪೆಟ್ಟಿಗೆ ಇದೆ. ಅದೂ ಕಾರು ಎಚ್ಚರವಾದ ಮೇಲೆಯೇ ಬಡಿಸುವುದು. ಮಾವನವರು ಕಾರನ್ನು ಒಂದು ಸುತ್ತು ಹಾಕಿ ಬಂದು, "ಮತ್ತೆ ಇದನ್ನು ಯಾವ ಧೈರ್ಯದ ಮೇಲೆ ಕಾರು ಅಂತೀರಿ?" ಎಂದರು.

ಅಸಲು ತಮಾಷೆ ಮುಂದಿದೆ. ಈ ಸಣ್ಣ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿಯ ಬಾಗಿಲು ತೆಗೆಯಲು ಬ್ಯಾಟರಿ ಬೇಕು. ಈ ಏರ್ಪಾಡನ್ನು ಯೋಚಿಸಿದ ಎಂಜಿನಿಯರಿಗೆ ಅವರ ಮಾವ ಒಂದು ಮಾತು ಹೇಳಬೇಕಿತ್ತು. ಸ್ಮಾರ್ಟ್ ಕೀಯ ಹೊಟ್ಟೆಯಲ್ಲಿ ಬಚ್ಚಿಟ್ಟ ಲೋಹದ ಕೀಲಿಯಿಂದ ಮುಂದಿನ ಬಾಗಿಲು ತೆಗೆದು, ಹಿಂದಿನ ಸೀಟು ಮಡಚಿ, ನಮ್ಮ ಯಜಮಾನರು ಮೈಸೂರಿನಲ್ಲಿ ಒಂದು ತಿಂಗಳು ಬೆಳೆಸಿದ ಹೊಟ್ಟೆಯ ಸಮೇತ ಡಿಕ್ಕಿಯೊಳಗೆ ತೆವಳಿದರು. ಒಳಗಿನ ಸಣ್ಣ ಸನ್ನೆಯನ್ನು ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ. ಮಾವನವರು ಹೊರಗಿನಿಂದ "ಎಡಕ್ಕೆ... ಅಲ್ಲ, ನನ್ನ ಎಡಕ್ಕೆ" ಎಂದು ದಾರಿ ತೋರಿಸುತ್ತಿದ್ದರು. ಇಷ್ಟು ಸರ್ಕಸ್ ಬೇಕಿರಲಿಲ್ಲ. ಕೇಬಲ್ ಹಚ್ಚಲೆಂದೇ ಬಾನೆಟ್ಟಿನಡಿ, ಫ್ಯೂಸ್ ಡಬ್ಬಿಯಲ್ಲಿ, ಕೆಂಪು ಮುಚ್ಚಳದ ಒಂದು ಟರ್ಮಿನಲ್ ಇದೆ. ಅದನ್ನು ನಮಗೆ ತಿಳಿಸಿದ್ದು ಜಂಪರ್ ಕೇಬಲ್ ತಂದ ಪಕ್ಕದ ಮನೆಯವರು, ತೆವಳಾಟ ಮುಗಿದ ಮೇಲೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮಾತ್ರ ತಮಾಷೆಯಲ್ಲ. ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟು ಅತ್ತಿಗೆಯ ಲಕ್ಷದ ಲೆಕ್ಕ ನಿಜವಾಗುತ್ತದೆ.

ಕೇಬಲ್ ಹಚ್ಚಿ ಎಬ್ಬಿಸಿ ಒಯ್ದರೆ, ಬ್ಯಾಟರಿ ಅಂಗಡಿಯವನು ಪರೀಕ್ಷೆ ಮಾಡಿ, ಇನ್ನು ಇದು ಚಾರ್ಜು ಹಿಡಿದಿಡಲಾರದು ಎಂದ. ಹೊಸದಕ್ಕೆ ಇನ್ನೂರು ಡಾಲರಿಗೆ ಮೇಲಾಯಿತು. ನಮ್ಮದಕ್ಕೆ ಸಿಕ್ಕ ಬ್ಯಾಟರಿ ತುರುಕುವಂತಿಲ್ಲ. ಡಿಕ್ಕಿಯೆಂದರೆ ನಾವು ಕೂತ ಕೋಣೆಯ ಮುಂದುವರಿಕೆ. ಬ್ಯಾಟರಿಯಿಂದ ಹೊರಡಬಹುದಾದ ಜಲಜನಕವನ್ನು ಹೊರಗೆ ಸಾಗಿಸುವ ಕೊಳವೆ ಇರಬೇಕು, ಆಸಿಡ್ಡು ಗಾಜಿನ ನಾರಿನ ಹಾಸಿನಲ್ಲಿ ಇಂಗಿರುವ ಎಜಿಎಂ ಜಾತಿಯದಾಗಿರಬೇಕು. ಮಾವನವರು ಡಿಸ್ಟಿಲ್ಡ್ ವಾಟರ್ ಎಲ್ಲಿ ಹಾಕುವುದೆಂದು ಹುಡುಕಿ, ಮುಚ್ಚಳವೇ ಇಲ್ಲದ್ದು ಕಂಡು ಸಪ್ಪಗಾದರು. ಕೊನೆಗೆ ಅದರ ನೆತ್ತಿಯ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ ಕುಂಕುಮ ಇಟ್ಟರು. ತಾರೀಖು ಬರೆದದ್ದು ಬಹಳ ಒಳ್ಳೆಯ ಕೆಲಸ. ಆಯುಧಪೂಜೆಯಲ್ಲಿ ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಡಿಕ್ಕಿಯ ಮೂಲೆಗೆ ಯಾರೂ ಬಗ್ಗಿ ನೋಡಿದ್ದಿಲ್ಲ.

ಬದಲಿಸುವುದು ಯಾವಾಗ? ನಾಲ್ಕೈದು ವರ್ಷವಾದರೆ ಅನುಮಾನಿಸಲು ಶುರುಮಾಡಿ. ರಾಯಚೂರು, ಕಲಬುರಗಿಯಂಥ ಬಿಸಿಲಿನ ಊರಾದರೆ ಇನ್ನೂ ಮುಂಚೆ. ಜನ ಚಳಿಯನ್ನು ಬಯ್ಯುತ್ತಾರೆ, ಬ್ಯಾಟರಿಯ ಆಯಸ್ಸು ತಿನ್ನುವುದು ಸೆಕೆ. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಮೀಟರು ಹಿಡಿದರೆ 12.6ರ ಮೇಲಿರಬೇಕು. 12.2 ಎಂದರೆ ಅರ್ಧ ಹೊಟ್ಟೆ. ಚೆನ್ನಾಗಿ ಓಡಿಸಿದ ಮರುದಿನವೂ 12ರ ಆಸುಪಾಸಿನಲ್ಲೇ ಇದ್ದರೆ ಊರಿಗೆ ಟಿಕೆಟ್ ತೆಗೆಸುವ ಮುನ್ನ ಹೊಸದನ್ನು ತನ್ನಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಗೋಡೆಯ ಪ್ಲಗ್ಗಿನಿಂದ ತೊಟ್ಟು ತೊಟ್ಟಾಗಿ ಉಣಿಸುವ ಪುಟ್ಟ ಚಾರ್ಜರ್ ಸಿಗುತ್ತದೆ. ಇಲ್ಲವೇ ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿಕೊಡುವ ಗೆಳೆಯರನ್ನು ಸಂಪಾದಿಸಿ. ಚಾರ್ಜರ್ ಅಗ್ಗ.

ಅತ್ತಿಗೆಯವರ ಮನೆಗೆ ಈಗ ಬಿಡದಿಯಲ್ಲೇ ತಯಾರಾದ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಬಂದಿದೆ. ಇಲ್ಲಿಂದಲೇ ಫೋನಿನಲ್ಲಿ ಅದಕ್ಕೂ ಮಾವನವರ ಉಪದೇಶ ನಡೆದಿದೆ: "ಬ್ರೇಕ್ ಒತ್ತಿಕೊಂಡು ಗುಂಡಿ ಒತ್ತು. ರೆಡಿ ಅಂತ ದೀಪ ಬಂದರೆ ಮಾತ್ರ ಅದಕ್ಕೆ ಊಟ. ಬರೀ ಹಾಡು ಕೇಳೋಕೆ ಕೂತರೆ ನಾಳೆ ನಡಕೊಂಡು ಹೋಗಬೇಕಾಗುತ್ತೆ." ಇವರೇ ಮೊದಮೊದಲು ನಮ್ಮ ಕಾರಿನಲ್ಲಿ ಕೂತು, ಬ್ರೇಕು ಮುಟ್ಟದೆ ಗುಂಡಿ ಒತ್ತಿ, ಗಂಟೆಗಟ್ಟಲೆ ಗಮಕ ಕೇಳುತ್ತಿದ್ದವರು ಎಂಬುದನ್ನು ನಾನು ಎತ್ತಲಿಲ್ಲ. ಸೊಸೆಯಾದವಳಿಗೆ ಕೆಲವು ಮಾತು ಗೊತ್ತಿದ್ದರೆ ಸಾಕು.

ಮೀಟರು ಈಗ ಪೂರ್ತಿ ಮಾವನವರ ಸುಪರ್ದಿನಲ್ಲಿದೆ. ಬೆಳಿಗ್ಗೆ ಕಾಫಿಗೆ ಮುಂಚೆ ಬಿಪಿ ನೋಡಿಕೊಂಡು, ಸಕ್ಕರೆ ನೋಡಿಕೊಂಡು, ಬಾನೆಟ್ ಎತ್ತಿ ಕೆಂಪು ಮುಚ್ಚಳದಡಿ ವೋಲ್ಟು ನೋಡಿ, ಮೂರನ್ನೂ ಒಂದೇ ಡೈರಿಯಲ್ಲಿ ಬರೆಯುತ್ತಾರೆ. ಮೊನ್ನೆ ಡಾಕ್ಟರು ಆ ಡೈರಿ ಓದಿ, ಬಿಪಿ ಪರವಾಗಿಲ್ಲ, ಸಕ್ಕರೆಯೂ ಪರವಾಗಿಲ್ಲ, ಆದರೆ ಈ ಮೂರನೇ ಸಾಲು 12.7ರಿಂದ 12.4ಕ್ಕೆ ಇಳಿದಿದೆಯಲ್ಲ, ಹಿಮೋಗ್ಲೋಬಿನ್ನೇ ಎಂದು ಚಿಂತೆಯಿಂದ ಕೇಳಿದರು. ಮಾವನವರು ನನ್ನ ಕಡೆ ಬೊಟ್ಟು ಮಾಡಿ, "ಅದು ಇವಳ ಕೈಯಲ್ಲಿದೆ ಡಾಕ್ಟ್ರೇ. ಭಾನುವಾರ ಹೊರಗೆ ಕರಕೊಂಡು ಹೋಗು ಅಂದರೆ ಕೇಳಲ್ಲ" ಎಂದರು.