ಕತ್ತಲು ಕಾಯುವ ಕಾಕಾ

ಕುಬಿಹಾಳದಲ್ಲಿ ಕರೆಂಟು ಹೋದರೆ ಹಿಗ್ಗುವ ಜೀವ ಒಂದೇ. ಅದು ನಮ್ಮ ಎಲ್‌ಇಡಿ ಕಾಕಾ. "ಹೋತಪಾ ಹೋತು" ಎಂದು ಓಣಿಯೆಲ್ಲ ಗೊಣಗುತ್ತ ಮೇಣದಬತ್ತಿ ಹುಡುಕುವ ಹೊತ್ತಿಗೆ ಕಾಕಾ ಲುಂಗಿ ಎತ್ತಿ ಕಟ್ಟಿ, ಮನೆಮುಂದೆ ಶೇಂಗಾ ಒಣಹಾಕುವ ತಾಡಪತ್ರಿ ಹೊದ್ದು ಮಲಗಿರುವ ಕಾರಿನ ಕಡೆ ಧಾವಿಸುತ್ತಾನೆ. ದಾರಿಯಲ್ಲಿ ಸಿಕ್ಕವರನ್ನು ಕೈಹಿಡಿದು ಎಳೆದು ಮುಂದಿನ ಸೀಟಿನಲ್ಲಿ ಕೂಡಿಸುತ್ತಾನೆ.

"ಕುಂದರ್ರಿ, ಕುಂದರ್ರಿ. ಈಗ ನೋಡ್ರಿ."

"ಏನ್ ನೋಡೂದು ಕಾಕಾ?"

"ಸ್ವಿಚ್ಚ!"

ನೋಡುತ್ತಾರೆ. ಫ್ಯಾನಿನ ಸ್ವಿಚ್ಚು, ಹಿಂದಿನ ಗಾಜು ಬಿಸಿ ಮಾಡುವ ಸ್ವಿಚ್ಚು (ಕುಬಿಹಾಳದ ಬಿಸಿಲಿನಲ್ಲಿ ಅದನ್ನು ಯಾರೂ ಒತ್ತಿದ್ದಿಲ್ಲ), ಗಡಿಯಾರ, ಬೀಡಿ ಹಚ್ಚುವ ತೂತು, ಎಲ್ಲ ಬೆಳ್ಳಗೆ ಹೊಳೆಯುತ್ತಿರುತ್ತವೆ. ನೋಡಿದವರು "ಭಾರೀ ಆಗೇತಿ" ಅನ್ನಬೇಕು. ಅಂದ ಮೇಲೆ ಇಳಿಯಲು ಪರವಾನಗಿ. ಬರೀ "ಹೂಂ" ಅಂದವರಿಗೆ ಹಿಂದಿನ ಸೀಟಿನ ಲೈಟನ್ನೂ ತೋರಿಸಲಾಗುವುದು.

ಕಾಕಾನ ಕಷ್ಟವನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಮನೆಗೆ ಬಣ್ಣ ಹಚ್ಚಿದರೆ ಊರು ನೋಡುತ್ತದೆ, ಎತ್ತಿಗೆ ಗೊಂಡೆ ಕಟ್ಟಿದರೆ ಜಾತ್ರೆ ನೋಡುತ್ತದೆ. ಕಾರಿನೊಳಗಿನ ಸ್ವಿಚ್ಚಿನ ಬಲ್ಬು ಬದಲಿಸಿದರೆ ನೋಡುವವನು ಡ್ರೈವರ್ ಒಬ್ಬನೇ, ಅದೂ ರಾತ್ರಿ, ಅದೂ ರಸ್ತೆ ಬಿಟ್ಟು ಸ್ವಿಚ್ಚು ನೋಡಿದರೆ. ದುಡ್ಡು ಹಾಕಿ, ಬೆನ್ನು ಮುರಿದುಕೊಂಡು ಮಾಡಿದ ಕೆಲಸಕ್ಕೆ ಮಂದಿಯೇ ಇಲ್ಲವೆಂದರೆ ಯಾವ ಕಲಾವಿದ ತಡೆದಾನು? ಹಾಗೆಂದು ಹೊರಗಿನ ಹೆಡ್‌ಲೈಟಿಗೆ ಕಾಕಾ ಕೈಹಚ್ಚುವುದಿಲ್ಲ. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ 2024ರ ಜುಲೈಯಿಂದ ರಾಜ್ಯದ ಪೊಲೀಸರು ಕೇಸು ಹಾಕತೊಡಗಿದಾಗ ಕಾಕಾ ಪೇಪರು ಹಿಡಿದೇ ಗುಡಿಕಟ್ಟೆಗೆ ಬಂದಿದ್ದ. "ನೋಡ್ರಿ, ಒಳಗಿನ ಲೈಟಿಗೆ ಕೇಸಿಲ್ಲ" ಎಂದು, ಸರ್ಕಾರವೇ ತನಗೆ ಶಾಲು ಹೊದಿಸಿದಂತೆ ಎದೆಯುಬ್ಬಿಸಿ ಹೇಳಿದ.

ಹೀಗಾಗಿ ಕಾಕಾನಿಗೆ ಉಳಿದಿರುವ ಆಸರೆ ಕತ್ತಲು. ಆ ಕತ್ತಲಿಗೂ ಈಗ ಬರಗಾಲ. ಪಂಪ್‌ಸೆಟ್ಟಿಗೆ ಬೇರೆ ಲೈನು, ಮನೆಗಳಿಗೆ ಬೇರೆ ಲೈನು ಎಂದು ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಹಳ್ಳಿಯ ಮನೆಗಳಲ್ಲಿ ಮೊದಲಿನ ಹಾಗೆ ಕರೆಂಟು ಹೋಗುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದು, ಬಿಲ್ಲಿನ ಭಯವಿಲ್ಲದೆ ಪಡಸಾಲೆಯಿಂದ ದನದ ಕೊಟ್ಟಿಗೆಯವರೆಗೆ ಲೈಟು ಉರಿಯತೊಡಗಿದ್ದು ಕಾಕಾನ ಮಟ್ಟಿಗೆ ಇನ್ನೊಂದು ಪೆಟ್ಟು. ಮಳೆಗಾಲದಲ್ಲಿ ಮೂಡಣದ ಕಡೆ ಸಿಡಿಲು ಮಿಂಚಿದರೆ ರೈತರು ಹೆಸರಿನ ಬೆಳೆಯ ಚಿಂತೆ ಮಾಡುತ್ತಾರೆ. ಕಾಕಾ ತಾಡಪತ್ರಿ ತೆಗೆಯುತ್ತಾನೆ.

ಈ ಜಾತಿಯವರನ್ನು ಗುರುತು ಹಿಡಿಯುವುದು ಸುಲಭ. ಕೆಟ್ಟದ್ದನ್ನು ರಿಪೇರಿ ಮಾಡುವವನು ಮೆಕ್ಯಾನಿಕ್, ಕೆಡದ್ದನ್ನು ರಿಪೇರಿ ಮಾಡುವವನು ಕಾಕಾ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಟೆಸ್ಟರ್, ಪೈಜಾಮದ ಕಿಸೆಯಲ್ಲಿ ಕರಿ ಟೇಪು, ಹೆಬ್ಬೆರಳಿಗೆ ಸಾಲ್ಡ್ರಿಂಗ್ ಸುಟ್ಟ ಕಲೆ. ಅಣ್ಣಿಗೇರಿ ಕಡೆ ಟ್ರ್ಯಾಕ್ಟರಿಗೆ ಡಿಸ್ಕೊ ಲೈಟು ಕಟ್ಟಿದವನು ಇವನಿಗೆ ಅಣ್ಣನಾಗಬೇಕು, ಕಲಘಟಗಿಯಲ್ಲಿ ಬೈಕಿನ ಸೈಲೆನ್ಸರ್ ಬಿಚ್ಚಿ ಊರಿನ ನಿದ್ದೆ ಕೆಡಿಸಿದವನು ತಮ್ಮ. ನವಲಗುಂದದಲ್ಲೂ ಒಬ್ಬ ಇದ್ದೇ ಇರುತ್ತಾನೆ, ಹುಡುಕುವುದೇ ಬೇಡ, ರಿವರ್ಸ್ ಗೇರಿಗೆ ಯಾವ ಗಾಡಿ ದೇವರ ಹಾಡು ಹಾಡುತ್ತದೋ ಅದರಲ್ಲಿ ಅವನಿರುತ್ತಾನೆ. ಇವರೆಲ್ಲರ ಮನೆಯಲ್ಲೂ ಒಂದು ಮಿಕ್ಸರ್ ಕೆಟ್ಟಿರುತ್ತದೆ. ಕಾಕಾನ ಮನೆಯದು ದೀಪಾವಳಿಯ ಮುಂಚೆ ಸತ್ತಿತು. ಅವನ ಹೆಂಡತಿ, ನಮ್ಮ ಚಿಗವ್ವ, ಯುಗಾದಿಗೂ ಶೇಂಗಾ ಚಟ್ನಿಯನ್ನು ಒಳ್ಳಿನಲ್ಲೇ ಕುಟ್ಟಿದಳು.

"ಏನ್ರೀ, ಆ ಮಿಕ್ಸರಿಗೂ ಒಂದು ಲೈಟ್ ಹಾಕ್ರಿ. ಹಂಗರ ಅದನ್ನ ಬಿಚ್ಚೀರಿ."

ಚಿಗವ್ವನ ಈ ಮಾತಿಗೆ ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. ಯಾವ ಬಣ್ಣದ್ದು ಹಾಕಬೇಕೆಂದು ಯೋಚಿಸಿದ.

ಹುಚ್ಚು ಹತ್ತಿದ್ದು 2015ರ ಕೊನೆಯಲ್ಲಿ, 'ಹೊಸ ಬೆಳಕು' ಯೋಜನೆಯ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಕಡಿಮೆ ದರಕ್ಕೆ ಸಿಗತೊಡಗಿದಾಗ. ಮಂದಿ ಬಲ್ಬು ತಂದು ಹಾಕಿಕೊಂಡರು. ಕಾಕಾ ತಂದು, ಚಾಕುವಿನಿಂದ ಅದರ ಬುರುಡೆ ಎಬ್ಬಿಸಿ ಒಳಗೇನಿದೆ ನೋಡಿದ. ಅಕ್ಕಿಕಾಳಿನಷ್ಟು ಹಳದಿ ಚುಕ್ಕೆಗಳು. ನೀಲಿ ಎಲ್‌ಇಡಿಯ ಮೇಲೆ ಹಳದಿ ರಾಸಾಯನಿಕ ಬಳಿದರೆ ಬಿಳಿ ಬೆಳಕು ಬರುತ್ತದೆಂದು ಓದಿಕೊಂಡ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಕಾಕಾ ಆ ಮೂವರ ಹೆಸರನ್ನು ಬೀಗರ ಹೆಸರಿನಷ್ಟು ಸಲೀಸಾಗಿ ಹೇಳುತ್ತಾನೆ. ಬೀಗರ ಹೆಸರನ್ನು ಒಮ್ಮೊಮ್ಮೆ ಮರೆಯುತ್ತಾನೆ.

ಎಲ್‌ಇಡಿ ಎಂದರೇನು ಎಂದು ಕಟ್ಟೆಯ ಮೇಲೆ ಅವನು ಬಿಡಿಸಿ ಹೇಳುವ ರೀತಿಯನ್ನು ಮಾತ್ರ ನಾನು ಮೆಚ್ಚುತ್ತೇನೆ. "ಹಳೇ ಬಲ್ಬು ಅಂದ್ರ ಗುಂಟೂರ ಕಾಯಿ, ಬರೇ ಖಾರ. ಎಲ್‌ಇಡಿ ಅಂದ್ರ ನಮ್ಮ ಬ್ಯಾಡಗಿ ಕಾಯಿ. ಬಣ್ಣ ಭರಪೂರ, ಉರಿ ಇಲ್ಲ." ಮೆಣಸಿನಕಾಯಿ ಬೆಳೆಯುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ತಂತಿ ಕಾಯಿಸಿ ಬೆಳಕು ಕೊಡುವ ಹಳೆಯ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಶಾಖಕ್ಕೇ ಹೋಗುತ್ತದೆ.

ಇನ್ನು ಶಸ್ತ್ರಚಿಕಿತ್ಸೆ. ಬೆಳಿಗ್ಗೆ ರೊಟ್ಟಿ ತಿಂದು ಕಾಕಾ ಡ್ಯಾಶ್‌ಬೋರ್ಡಿಗೆ ಕೈ ಹಾಕುತ್ತಾನೆ. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಬೇಕು, ಅದನ್ನು ಅವನು ಮರೆಯುವುದಿಲ್ಲ. ನಂತರ ಸ್ವಿಚ್ಚಿನ ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಬೇಕು. ಇಲ್ಲಿ 'ಟಕ್' ಎಂಬ ಸದ್ದು ಬರುತ್ತದೆ. ಅದು ಲಾಕು ಬಿಚ್ಚಿದ ಸದ್ದೋ ಮುರಿದ ಸದ್ದೋ ತಿಳಿಯಲು ಕಾಕಾನ ಮುಖ ನೋಡಬೇಕು. ಸುಮ್ಮನಿದ್ದರೆ ಬಿಚ್ಚಿದೆ, "ಕಂಪನಿಯವರು ಪ್ಲಾಸ್ಟಿಕ್ ಸರಿ ಹಾಕಂಗಿಲ್ಲ" ಎಂದರೆ ಮುರಿದಿದೆ. ಸ್ವಿಚ್ಚಿನ ಬೆನ್ನಿಗೆ ಸಣ್ಣ ಹೋಲ್ಡರು, ಕಾಲು ಸುತ್ತು ತಿರುವಿದರೆ ಕೈಗೆ ಬರುತ್ತದೆ. ಅದರಲ್ಲಿ ಐದು ಮಿಲಿಮೀಟರ್ ದಪ್ಪದ ಗಾಜಿನ ಬಲ್ಬು, 12 ವೋಲ್ಟು, 1.2 ವ್ಯಾಟು. ತಲೆಗೆ ಹಸಿರು ರಬ್ಬರ್ ಟೊಪ್ಪಿಗೆ. ಸ್ವಿಚ್ಚು ಹಸಿರು ಕಾಣುವುದು ಬಲ್ಬಿನಿಂದಲ್ಲ, ಈ ಟೊಪ್ಪಿಗೆಯಿಂದ. ಬಲ್ಬು ಬೆರಳಿನಿಂದ ಜಾರಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಬಿದ್ದರೆ ಆ ದಿನದ ಮಧ್ಯಾಹ್ನದ ಊಟ ತಣ್ಣಗಾಯಿತೆಂದೇ ಲೆಕ್ಕ.

ಹುಬ್ಬಳ್ಳಿಯಿಂದ ತಂದ ಎಲ್‌ಇಡಿಗಳನ್ನು ಹಾಕಿ ಮೊದಲ ಸಲ ಕೀ ತಿರುವಿದಾಗ ಅರ್ಧ ಹತ್ತಿದವು, ಅರ್ಧ ಹತ್ತಲಿಲ್ಲ. ಹಳೆಯ ಬಲ್ಬಿಗೆ ಹಿಂದು ಮುಂದು ಇಲ್ಲ, ಹೇಗೆ ಚುಚ್ಚಿದರೂ ಉರಿಯುತ್ತದೆ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಸರಿಯಾಗಬೇಕು, ತಿರುಗಿಸಿ ಹಾಕಿದರೆ ಮುನಿಸಿಕೊಂಡು ಕೂಡುತ್ತದೆ. ಮತ್ತೆ ಎಲ್ಲ ಬಿಚ್ಚು. ಅಗ್ಗ ಸಿಕ್ಕಿತೆಂದು ತಂದ ಬಿಡಿ ಎಲ್‌ಇಡಿಗಳದು ಬೇರೆ ಕಥೆ. ಬಿಳಿ ಎಲ್‌ಇಡಿಗೆ ಬೇಕಾದದ್ದು ಮೂರು ವೋಲ್ಟಿನ ಆಸುಪಾಸು, ಇಂಜಿನ್ ಓಡುವಾಗ ಕಾರಿನಲ್ಲಿರುವುದು ಹದಿನಾಲ್ಕರ ಆಸುಪಾಸು. ನಡುವೆ 560 ಓಮ್ಸಿನ ರೆಸಿಸ್ಟರ್ ಇಲ್ಲದಿದ್ದರೆ ಒಂದು ಸಲ ಜಗ್ಗನೆ ಬೆಳಗಿ ಕಣ್ಣು ಮುಚ್ಚುತ್ತದೆ. ಕಾಕಾ ಅವಕ್ಕೆ ರೆಸಿಸ್ಟರ್ ಹಾಕಿದ್ದು, ಒಂದು ಸಾಲು ಪೂರ್ತಿ ಕಣ್ಣು ಮುಚ್ಚಿದ ಮೇಲೆ.

ಅವನ ಮೊದಲ ಆಯ್ಕೆ ನೀಲಿ. ನೊಬೆಲ್ ಬಂದದ್ದು ನೀಲಿಗಲ್ಲವೇ! ಹಸಿರು ಟೊಪ್ಪಿಗೆಯೊಳಗೆ ನೀಲಿ ಬೆಳಕು ಹಾಕಿದರೆ ಹೊರಗೆ ಬರುವುದು ಹೆಚ್ಚೂಕಡಿಮೆ ಕತ್ತಲು. ಅದಕ್ಕೆ ಟೊಪ್ಪಿಗೆಗಳನ್ನೆಲ್ಲ ಕಿತ್ತ. ಕೈಗೂಡಿದ ಹುರುಪಿನಲ್ಲಿ ನೆತ್ತಿಯ ಲೈಟಿಗೂ ನೀಲಿಯನ್ನೇ ಇಟ್ಟ. ಚಿಗವ್ವ ಬಾಗಿಲು ತೆಗೆದು ಒಳಗೆ ಒಂದು ಕಾಲಿಟ್ಟವಳು ಅದನ್ನು ಹಾಗೇ ಹಿಂದೆ ತೆಗೆದಳು. "ಇದೇನ್ ಗಾಡಿಯೋ, ಆಂಬುಲೆನ್ಸೋ? ನಾ ಬಸ್ಸಿಗೆ ಬರ್ತೀನಿ."

ಚಿಗವ್ವ ಬಸ್ಸಿಗೆ ಹೋದಳು, ಆದರೆ ಪಕ್ಕದ ಮನೆಯ ಗೌಡರು ನಂಬಿ ಹತ್ತಿದರು. ನಸುಕಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿಯ ಸ್ಯಾಂಪಲ್ಲು ಒಯ್ಯುವುದಿತ್ತು. ದಾರಿಯಲ್ಲಿ ಒಮ್ಮೆ ನೋಡೋಣವೆಂದು ಗೌಡರು ಚೀಲದ ಬಾಯಿ ಬಿಚ್ಚಿದ್ದೇ ತಡ, "ಯಪ್ಪಾ, ಕೊಳತಾವಲ್ಲೋ!" ಎಂದು ಕಿರುಚಿದರು. ಕಾಯಿಗಳು ಕರ್ರಗೆ ಕಾಣುತ್ತಿದ್ದವು. ವರ್ಷದ ಬೆಳೆ, ಔಷಧ ಗೊಬ್ಬರದ ಸಾಲ, ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಕಾಕಾ ಗಾಬರಿಯಿಂದ ಗಾಡಿ ನಿಲ್ಲಿಸಿ, ಇಬ್ಬರೂ ಇಳಿದು ಹೆಡ್‌ಲೈಟಿನ ಮುಂದೆ ಚೀಲ ಹಿಡಿದರೆ ಕಾಯಿ ಕೆಂಪಗೆ ಇವೆ! ನೀಲಿ ಬೆಳಕಿನಲ್ಲಿ ಕೆಂಪಿನ ಪಾಲೇ ಇಲ್ಲವಾದ್ದರಿಂದ ಕೆಂಪು ವಸ್ತು ತಿರುಗಿ ಕಳಿಸಲು ಏನೂ ಇರದೆ ಕಪ್ಪಾಗುತ್ತದೆ ಎಂದು ಕಾಕಾ ಶಿಗ್ಗಾವಿ ಬರುವವರೆಗೂ ವಿವರಿಸಿದ. ಗೌಡರು ಒಂದೂ ಮಾತಾಡಲಿಲ್ಲ. ಮರುದಿನ ನೀಲಿ ಹೋಗಿ ಬಿಳಿ ಬಂತು.

ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ ಕಾಕಾನ ಉತ್ತರ ಒಂದೇ: "ಕರೆಂಟ್ ಉಳಿತೈತಿ, ಆವರೇಜ್ ಹೆಚ್ಚಾಗತೈತಿ." ಲೆಕ್ಕ ಹಾಕಿ ನೋಡಿದೆ. 1.2 ವ್ಯಾಟಿನ ಹತ್ತು ಬಲ್ಬು ಸೇರಿದರೆ 12 ವ್ಯಾಟು. ಎರಡು ಹೆಡ್‌ಲೈಟು ತಿನ್ನುವುದು ಅದರ ಹತ್ತು ಪಟ್ಟು. ಇದು ರಾತ್ರಿಯ ಮಾತು, ಹಗಲು ಆ ಬಲ್ಬುಗಳು ಉರಿಯುವುದೇ ಇಲ್ಲ. ಕಾಕಾ ಈಗ ರಾತ್ರಿ ಗಾಡಿ ಹೊರಗೆ ತೆಗೆಯುವವನಲ್ಲ, ಕಣ್ಣಿನ ಪೊರೆ ಬಲಿತಿದೆ. ಉಳಿಸಿದ ಕರೆಂಟಿನ ಸಲುವಾಗಿ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಓಡಾಡಿ ಸುಟ್ಟ ಪೆಟ್ರೋಲನ್ನು ಯಾವ ಖಾತೆಗೆ ಬರೆಯಬೇಕೆಂದು ಕೇಳಲು ಹೋಗಲಿಲ್ಲ. ಚಹಾ ಕುಡಿಯುವಾಗ ಕೇಳುವ ಮಾತಲ್ಲ ಅದು.

ವರ್ಷಕ್ಕೊಂದು ರಾತ್ರಿ ಮಾತ್ರ ಕಾಕಾ ಪೊರೆ ಗಿರೆ ನೋಡುವುದಿಲ್ಲ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರು ಗುರುಗಳ ಮುಂದೆ ಕುಳಿತು ಕಲಿತ ಊರು ಅದು. ರಸಿಕರೆಲ್ಲ ವಾಡೆಯೊಳಗೆ ಜಾಗ ಹಿಡಿಯುತ್ತಾರೆ. ಕಾಕಾ ಹೊರಗೆ ಕಾರುಗಳು ನಿಂತ ಕತ್ತಲಲ್ಲಿ ಜಾಗ ಹಿಡಿಯುತ್ತಾನೆ. ವಿಲಂಬಿತ ಬೇಸರವಾಗಿ ಎಲೆ ಅಡಿಕೆಗೆ ಎದ್ದು ಬಂದವರು ಅವನ ಪಾಲು. ಆ ವರ್ಷ ಮೀಟರಿನೊಳಗಿನ ಲೈಟುಗಳೂ ಹೊಸವಾಗಿದ್ದವು. ಅದರಲ್ಲೂ ಬ್ಯಾಟರಿ ಗುರುತಿನ ಕೆಂಪು ದೀಪದ ಮೇಲೆ ಕಾಕಾನಿಗೆ ವಿಶೇಷ ಮಮತೆ. "ಎಷ್ಟು ಚಂದ ಹತ್ತೇತಿ ನೋಡ್ರಿ. ಮದಲೆಲ್ಲಾ ಇಂಜಿನ್ ಚಾಲೂ ಆದಕೂಡ್ಲೆ ಆರಿಬಿಡತಿತ್ತು. ಈಗ ಆರೂದ ಇಲ್ಲ!"

ಆರದೆ ಇರುವುದೇ ಅದರ ಕೂಗು ಎಂದು ಯಾರೂ ಹೇಳಲಿಲ್ಲ, ಕೇಳಿದವರೆಲ್ಲ ತಲೆದೂಗಿದರು.

ಬೆಳಗಿನ ರಾಗ ಮುಗಿದು ಮಂದಿ ಹೊರಬಿದ್ದಾಗ ಕಾಕಾ ಕೀ ತಿರುವಿದ. 'ಟಿಕ್' ಎಂದಿತು, ಅಷ್ಟೇ. ಇನ್ನೊಮ್ಮೆ 'ಟಿಕ್'. ಸ್ಟಾರ್ಟರ್ ಮೋಟರು ಬೇಡುವ ಕರೆಂಟು ನೂರು ಆಂಪಿಯರಿನ ಲೆಕ್ಕದ್ದು, ಎಲ್‌ಇಡಿಗೆ ಸಾಯುವ ಬ್ಯಾಟರಿಯ ಕೊನೆಯ ಗುಟುಕೂ ಸಾಕು. ಹೀಗಾಗಿ ಫ್ಯಾನಿನ ಸ್ವಿಚ್ಚು, ಗಡಿಯಾರ, ಬೀಡಿಯ ತೂತು ಎಲ್ಲ ಮದುವೆ ಮನೆಯಂತೆ ಬೆಳಗುತ್ತಿದ್ದವು, ಇಂಜಿನ್ನೊಂದು ಬಿಟ್ಟು. ರಾತ್ರಿಯಿಡೀ ಖ್ಯಾಲ್ ಕೇಳಿದ ರಸಿಕರು ಪಂಚೆ ಎತ್ತಿ ಕಟ್ಟಿ ದೂಡಿದರು. ದೂಡುವವರಲ್ಲಿ ಯಾರೋ ಲಯ ತಪ್ಪಬೇಡಿ ಎಂದದ್ದೂ ಕೇಳಿಸಿತು.

ಬ್ಯಾಟರಿ ಅಂಗಡಿಯ ಮುದುಕ ಬಾನೆಟ್ಟು ಎತ್ತಲೂ ಇಲ್ಲ. ಮೀಟರ್ ಕಡೆ ನೋಡಿ ಕೇಳಿದ: "ಇಲ್ಲಿದ್ದ ಹಳೇ ಬಲ್ಬು ಎಲ್ಲಿ?" ಕೆಲವು ಹಳೆಯ ಗಾಡಿಗಳಲ್ಲಿ ಆ ಬಲ್ಬು ಬರೀ ಗುರುತಿನ ದೀಪವಲ್ಲ. ಕೀ ತಿರುವಿದಾಗ ಅದರ ಮೂಲಕವೇ ಆಲ್ಟರ್ನೇಟರಿನ ಸುರುಳಿಗೆ ಮೊದಲ ಕರೆಂಟು ಹೋಗಬೇಕು, ಆಗ ಅದು ಅಯಸ್ಕಾಂತವಾಗಿ ಬ್ಯಾಟರಿ ತುಂಬತೊಡಗುತ್ತದೆ. ಎರಡು ಮೂರು ವ್ಯಾಟಿನ ಬಲ್ಬು ಸಾಗಿಸುತ್ತಿದ್ದ ಕರೆಂಟಿನ ಹತ್ತರಲ್ಲೊಂದು ಪಾಲನ್ನು ಎಲ್‌ಇಡಿ ಬಿಡುತ್ತದೆ. ಆಲ್ಟರ್ನೇಟರು ಮಲಗಿದ್ದಲ್ಲೇ ತಿರುಗುತ್ತಿತ್ತು. ಕಿತ್ತ ಬಲ್ಬು ಕುಬಿಹಾಳದಲ್ಲಿ ಉಪ್ಪಿನಕಾಯಿ ಬಾಟಲಿಯಲ್ಲಿತ್ತು. ಚಿಗವ್ವನೇ ಅದನ್ನು ಹುಡುಗನ ಕೈಲಿ ಕೊಟ್ಟು ಕಳಿಸಿದಳು, ಜೊತೆಗೆ ಮಿಕ್ಸರನ್ನೂ: "ಅಲ್ಲೇ ಯಾರರ ಇದ್ರ ಮಾಡಿಸಿಕೊಂಡು ಬರಾಕ ಹೇಳಪಾ."

ಈಗ ಮೀಟರಿನಲ್ಲಿ ಎಲ್ಲ ಎಲ್‌ಇಡಿಗಳ ನಡುವೆ ಆ ಒಂದು ಹಳೆಯ ಬಲ್ಬಿದೆ. ಮಿಕ್ಸರು ತಿರುಗುತ್ತಿದೆ. ಮೊನ್ನೆ ಗಾಳಿ ಮಳೆಗೆ ಕರೆಂಟು ಹೋದಾಗ ಗುಡಗೇರಿಯ ಕಡೆಯಿಂದ ಬಂದಿದ್ದ ಬೀಗರ ಹುಡುಗ ಕಾಕಾನ ಕೈಗೆ ಸಿಕ್ಕ. ಮುಂದಿನ ಸೀಟಿನಲ್ಲಿ ಕುಳಿತವನು ಸುಮ್ಮನಿರದೆ, ಆ ಒಂದು ಯಾಕೆ ಮಂಕಾಗಿದೆ ಎಂದು ಕೇಳಿದ.

"ಅದನ್ನ ಬೇಕಂತನ ಬಿಟ್ಟೀನಿ ತಮ್ಮಾ. ಅದನ್ನ ಮುಟ್ಟಬಾರದು. ಯಾವನೋ ಒಬ್ಬ ಹುಂಬ ಅದನ್ನೂ ಕಿತ್ತು ಎಲ್‌ಇಡಿ ಹಾಕಿದ್ದನಂತ. ಕುಂದಗೋಳದಾಗ ಗಾಡಿ ನಿಂತು, ಹಾಡು ಕೇಳಾಕ ಬಂದ ಮಂದಿ ಎಲ್ಲಾ ದೂಡಿದ್ರಂತ."

"ಯಾರ್ರೀ ಕಾಕಾ ಅಂವ?"

"ಅಂವಾ?" ಕಾಕಾ ನೆತ್ತಿಯ ಲೈಟು ಆರಿಸಿದ. "ಅಂವ ಸಂಶಿ ಕಡೆಯಂವ."