ತುಂಗೆಗೆ ಒಂದು ಒತ್ತುವರಿ ನೋಟಿಸು

ಇವರಿಗೆ,
ತುಂಗಾ ನದಿ,
ಹುಟ್ಟೂರು: ಗಂಗಾಮೂಲ, ವರಾಹ ಪರ್ವತ.
ಹಾಲಿ ಹರಿವು: ಶಿವಮೊಗ್ಗ ನಗರ.

ವಿಷಯ: ಬೆಳಗಿನ ಓಟದ ದಾರಿಯನ್ನು ಮಳೆಗಾಲದಲ್ಲಿ ಅಕ್ರಮವಾಗಿ ಒತ್ತುವರಿ ಮಾಡಿಕೊಂಡಿರುವ ಬಗ್ಗೆ.

ತಾಯಿ,

ನೋಟಿಸಿನಲ್ಲಿ ‘ತಾವು’ ಎಂದೇ ಬರೆಯುವುದು ರೂಢಿ. ಆದರೆ ಹೊಳೆಗೆ ಬಹುವಚನ ಹಾಕಿ ಮಾತಾಡುವವರನ್ನು ನಮ್ಮೂರಲ್ಲಿ ಕಂಡಿಲ್ಲ. ಹಾಗಾಗಿ ಏಕವಚನವನ್ನೇ ಇಟ್ಟುಕೊಂಡಿದ್ದೇನೆ. ಸಲಿಗೆ ಅಂತ ತಿಳಿಯಬೇಡ, ಇದು ನೋಟಿಸೇ.

ಮೊದಲು ನಮ್ಮ ಪರಿಚಯ. ಊರು ಮಲಗಿರುವಾಗ ಎದ್ದು ಓಡುವವರು ನಾವು. ಓಡುವಷ್ಟೇ ಹೊತ್ತು ಓಡಿದ್ದರ ಬಗ್ಗೆ ಮಾತಾಡುವವರೂ ಹೌದು. ಕಾಲಲ್ಲಿ ಕಣ್ಣು ಕುಕ್ಕುವ ಬಣ್ಣದ ಶೂ, ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರ. ‘ತುಂಗಾ ಪಾನ, ಗಂಗಾ ಸ್ನಾನ’ ಅಂದ ಹಿರಿಯರು ತುಂಗಾ ತೀರದಲ್ಲಿ ರನ್ನಿಂಗ್ ಮಾಡುವ ವಿಚಾರ ಎತ್ತಲೇ ಇಲ್ಲ. ಆ ಕೊರತೆಯನ್ನು ನಾವು ತುಂಬಿದ್ದೇವೆ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತಲ್ಲ, ಆಮೇಲೆ ನಿನ್ನ ದಡಕ್ಕೆ ನಡೆಯುವ ದಾರಿ ಬಂತು, ಸೈಕಲ್ ದಾರಿ ಬಂತು, ದೀಪದ ಕಂಬ ಬಂತು. ಇದೆಲ್ಲ ಯಾರಿಗೆ? ನಿನ್ನನ್ನು ನೋಡಿಕೊಂಡು ಓಡಲಿ ಅಂತ ನಮಗೆ. ನಿನ್ನ ಪಾಲಿಗೆ ಉಳಿದದ್ದು ತೀರಾ ಹಗುರದ ಕೆಲಸ: ಫೋಟೋದಲ್ಲಿ ಎಡಗಡೆ ತೆಪ್ಪಗೆ ಹರಿದುಕೊಂಡಿದ್ದರೆ ಸಾಕಿತ್ತು. ಸೇತುವೆ ಕೆಳಗೆ ನನ್ನ ಗಡಿಯಾರಕ್ಕೆ ದಿಕ್ಕು ತಪ್ಪಿ, ನಾನು ನಿನ್ನ ನಟ್ಟನಡುವೆ ಓಡಿದ್ದೇನೆ ಅಂತ ನಕ್ಷೆ ಬರೆಯುತ್ತದೆ. ಅದನ್ನೂ ನಾನು ದೊಡ್ಡದು ಮಾಡಿಲ್ಲ. ನಾನು ಹೀಗೆ ಹೊಂದಿಕೊಂಡು ಹೋಗುತ್ತಿರುವಾಗ ನೀನು ಮಾಡಿದ್ದೇನು?

ಜುಲೈ ಬಂತೆಂದರೆ ಮೇಲೆ ಬಂದುಬಿಡುತ್ತೀಯ. ಹೇಳುವುದಿಲ್ಲ, ಕೇಳುವುದಿಲ್ಲ. ಆಗುಂಬೆ ಕಡೆ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಸುರಿಯುವ ಆ ಕಾಡಿನಲ್ಲಿ, ರಾತ್ರಿಯೆಲ್ಲ ಏನೋ ಮಸಲತ್ತು ನಡೆಸಿ, ಮಾಲತಿ ಹೊಳೆಯನ್ನೂ ಜೊತೆಗೆ ಹಾಕಿಕೊಂಡು, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಗಾಜನೂರಿಗೆ ಬರುತ್ತೀಯ. ಅಲ್ಲಿ ತಡೆಯುವವರಾದರೂ ಎಷ್ಟು ಹೊತ್ತು ತಡೆದಾರು? 3.24 ಟಿಎಂಸಿ ಹಿಡಿಯುವ ಪುಟ್ಟ ಜಲಾಶಯ ಅದು. 588.24 ಮೀಟರ್ ಮುಟ್ಟಿತೋ ಇಲ್ಲವೋ, ಗೇಟು ಎತ್ತಲೇಬೇಕು. ರಾಜ್ಯದಲ್ಲಿ ಉಳಿದ ಅಣೆಕಟ್ಟುಗಳ ಮುಂದೆ ರೈತರು ಆಕಾಶ ನೋಡುತ್ತಾ ನಿಂತಿರುವಾಗಲೇ ‘ತುಂಗಾ ಡ್ಯಾಂ ಭರ್ತಿ’ ಅಂತ ಪತ್ರಿಕೆಯಲ್ಲಿ ಬಂದಿರುತ್ತದೆ. ಇಷ್ಟು ಅವಸರ ಯಾಕೆ ನಿನಗೆ?

ನಿನ್ನ ತಂಗಿಯನ್ನು ನೋಡಿ ಕಲಿ. ಭದ್ರೆಯೂ ಹುಟ್ಟಿದ್ದು ಅದೇ ಗಂಗಾಮೂಲದಲ್ಲಿ. ಆದರೆ ಲಕ್ಕವಳ್ಳಿಯಲ್ಲಿ 186 ಅಡಿ ತನಕ, 71 ಟಿಎಂಸಿಗೂ ಹೆಚ್ಚು ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತಾಳೆ. ಸಭೆ ಸೇರಿ, ವೇಳಾಪಟ್ಟಿ ಹಾಕಿ, ನಾಲೆಗೆ ಇಷ್ಟು ಬಿಡು ಅಂದರೆ ಅಷ್ಟೇ ಬಿಡುತ್ತಾಳೆ. ಅವಳ ದಡದಲ್ಲಿ ಯಾರಾದರೂ ಓಡಲು ಹೊರಟರೆ ದಿನಾಂಕ ನಿಗದಿ ಮಾಡಬಹುದು. ನಿನ್ನನ್ನು ನಂಬಿ ಹಾಕಿಕೊಂಡ ನನ್ನ ಹದಿನಾರು ವಾರದ ತಾಲೀಮಿನ ಪಟ್ಟಿಯಲ್ಲಿ ಜುಲೈ ಪೂರ್ತಿ ಖಾಲಿ ಬಿದ್ದಿದೆ.

ವೇಗದ ವಿಷಯಕ್ಕೂ ಬರೋಣ, ನಮ್ಮ ಜನಕ್ಕೆ ಅದು ಮುಖ್ಯ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ನಲವತ್ತು ಸಾವಿರ ಕ್ಯೂಸೆಕ್ ಬಂತು ಅಂದರೆ ಒಂದೊಂದು ಸೆಕೆಂಡಿಗೂ ಹನ್ನೊಂದು ಲಕ್ಷ ಲೀಟರ್ ನನ್ನ ಪಕ್ಕದಲ್ಲಿ ಹಾದುಹೋದ ಹಾಗಾಯಿತು. ಅದೇ ಸೆಕೆಂಡಿನಲ್ಲಿ ನಾನು ಮುಂದೆ ಹೋಗುವುದು ಎರಡು ಮೀಟರ್ ಚಿಲ್ಲರೆ. ಹೀಗೆ ಪಕ್ಕದಲ್ಲೇ ಓಡಿ ಒಬ್ಬರ ಉತ್ಸಾಹ ಕುಗ್ಗಿಸುವುದು ಸರಿಯಲ್ಲ.

ನಿನ್ನ ಅಭಿಮಾನಿಗಳ ಕಾಟ ಬೇರೆ. ಕೋರ್ಪಲಯ್ಯನ ಛತ್ರದ ಹತ್ತಿರ ನಿನ್ನೊಳಗೆ ನಿಂತಿದೆಯಲ್ಲ ಕಲ್ಲಿನ ಮಂಟಪ, ಊರಿಗೆ ಊರೇ ಅದನ್ನು ನೋಡಿ ನಿನ್ನ ಅಳತೆ ಹಾಕುತ್ತದೆ. ಮಳೆಗಾಲದಲ್ಲಿ ಇಲ್ಲಿ ‘ಊಟ ಆಯ್ತಾ?’ ಅಂತ ಕೇಳುವುದಿಲ್ಲ, ‘ಮಂಟಪ ಮುಳುಗ್ತಾ?’ ಅಂತ ಕೇಳುತ್ತಾರೆ. ಬುಡ ಮುಳುಗಿದರೆ ಒಬ್ಬರಿಗೊಬ್ಬರು ಫೋನು. ಕಂಬ ಅರ್ಧ ಮುಳುಗಿದರೆ ಕೊಡೆ ಹಿಡಿದುಕೊಂಡು ಸಂಸಾರ ಸಮೇತ ಹೊರಟರು. ಚಾವಣಿಯೂ ಕಾಣದಾದರೆ ಸೇತುವೆ ಮೇಲೆ ಕಾಲಿಡಲು ಜಾಗವಿಲ್ಲ. ಕೆಂಡದ ಮೇಲೆ ಜೋಳ ಸುಡುವವರು, ಬಿಸಿ ಶೇಂಗಾ ಪೊಟ್ಟಣದವರು, ಮಗುವನ್ನು ಹೆಗಲಿಗೇರಿಸಿ ‘ಅಲ್ನೋಡು, ಅಲ್ನೋಡು’ ಅನ್ನುವ ಅಪ್ಪಂದಿರು, ಅರಿಶಿನ ಕುಂಕುಮ ಹಾಕಿ ಕೈಮುಗಿಯುವ ಅಜ್ಜಿಯರು. ಇವರ ನಡುವೆ ‘ಸೈಡ್, ಸೈಡ್’ ಅಂತ ಕೂಗಿಕೊಂಡು ಓಡುವ ನನ್ನನ್ನು ಒಬ್ಬರೂ ತಿರುಗಿ ನೋಡುವುದಿಲ್ಲ. ನಾನು ಹತ್ತು ಕಿಲೋಮೀಟರ್ ಮುಗಿಸಿದ ದಿನವೂ ನಮ್ಮೂರು ಈ ಮಟ್ಟಕ್ಕೆ ಸೇರಿದ್ದಿಲ್ಲ.

‘ಇದು ನನ್ನ ಜಾಗ’ ಅಂತ ನೀನು ವಾದ ಮಾಡಬಹುದು. ದಾಖಲೆ ತೋರಿಸು. ಪಹಣಿ ಇದೆಯಾ? ಖಾತೆ ಯಾರ ಹೆಸರಲ್ಲಿದೆ? ಇ-ಸ್ವತ್ತು ಮಾಡಿಸಿದ್ದೀಯಾ? ಹಳ್ಳಕೊಳ್ಳದ ಜಾಗವನ್ನು ಕಂದಾಯದ ಲೆಕ್ಕದಲ್ಲಿ ‘ಬಿ ಖರಾಬು’ ಅಂತ ಬರೆಯುತ್ತಾರೆ, ನೆನಪಿರಲಿ. ನಮ್ಮ ಬಡಾವಣೆಗಳವರ ಹತ್ತಿರ ಸೈಟಿನ ನಂಬರಿದೆ, ಚೆಕ್ಕುಬಂದಿ ಇದೆ, ಮೂಡಲಿಗೆ ಹೊಳೆ ಅಂತ ಬರೆದ ಕ್ರಯಪತ್ರವೂ ಇದೆ. ಮೂಡಲಿಗೆ ಇರುವ ಹೊಳೆ ಮೂಡಲಲ್ಲೇ ಇರಬೇಕು. 2019ರ ಆಗಸ್ಟಿನಲ್ಲಿ ನೀನು ಕುಂಬಾರಗುಂಡಿಗೆ ಹೋದೆ, ಬಾಪೂಜಿನಗರಕ್ಕೆ ಹೋದೆ, ಅಡುಗೆಮನೆಯವರೆಗೂ ಹೋಗಿ ಪಾತ್ರೆಪಗಡ ತೇಲಿಸಿದೆ. ಅಲ್ಲಿನವರು ಹಾಸಿಗೆ ಸುತ್ತಿಕೊಂಡು ಗಂಜಿ ಕೇಂದ್ರ ಸೇರಿದರು. ಆ ವಾರ ನನಗೂ ತುಂಬಾ ತೊಂದರೆಯಾಯಿತು: ಮನೆಯ ಟೆರೇಸಿನ ಮೇಲೆ ಓಡಬೇಕಾಯಿತು.

ಇಳಿದು ಹೋಗುವಾಗಲಾದರೂ ಮರ್ಯಾದೆಯಿಂದ ಹೋಗುತ್ತೀಯಾ? ಅದೂ ಇಲ್ಲ. ಟೈಲ್ಸಿನ ಮೇಲೆ ಗೇಣುದ್ದ ಗೋಡುಮಣ್ಣು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಶೂ ಒಳಗೇ ಉಳಿಯುತ್ತದೆ. ರೇಲಿಂಗಿಗೆ ಸಾಲಾಗಿ ಹಾಲಿನ ಕವರು, ಹರಿದ ಸೀರೆ, ಒಂಟಿ ಚಪ್ಪಲಿ, ಪೂಜೆಯ ಹಾರ, ಗುಟ್ಕಾ ಪೊಟ್ಟಣದ ಮಾಲೆ. ನಾವು ವರ್ಷವಿಡೀ ಪ್ರೀತಿಯಿಂದ ನಿನಗೆ ಒಪ್ಪಿಸಿದ್ದನ್ನೆಲ್ಲ ಹೀಗೆ ಒಂದೊಂದಾಗಿ ತೂಗುಹಾಕಿ ಹೋಗಿದ್ದೀಯ. ಕೊಟ್ಟದ್ದನ್ನು ವಾಪಸ್ ಕೊಡುವುದು ಯಾವ ಸೀಮೆಯ ಸಂಸ್ಕಾರ?

ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರ ವಿಷಯವನ್ನೂ ನಿನ್ನ ಗಮನಕ್ಕೆ ತರಬೇಕಿದೆ. ಸೋಪಿನ ನೀರು ಓಡುವ ದಾರಿಗೆ ಹರಿಯುತ್ತದಮ್ಮ, ಸ್ವಲ್ಪ ಆ ಕಡೆ ಒಗೀರಿ ಅಂತ ಒಬ್ಬಾಕೆಗೆ ಅಂದೆ. ಆಕೆ ಸೆರಗು ಸೊಂಟಕ್ಕೆ ಬಿಗಿದು, ಕೈಲಿದ್ದ ಲುಂಗಿಯನ್ನು ಕಲ್ಲಿಗೆ ಇನ್ನೆರಡು ಸಲ ಬಡಿದು, ‘ಓಡಕ್ಕೆ ರೋಡು ಸಾಲಲ್ವೇನ್ರಿ? ಹೊಳೆ ಯಾಕೆ ಬೇಕು?’ ಅಂದಳು. ಮಾತು ತಪ್ಪಿಸಲು, ಈ ಸಲ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿದೆ. ಒದ್ದೆ ಕೈಯಲ್ಲೇ ಮೆಟ್ಟಿಲು ತೋರಿಸಿದಳು. ಈ ಮೆಟ್ಟಿಲು ಮುಳುಗಿದರೆ ಬಟ್ಟೆ ತರುವುದಿಲ್ಲವಂತೆ. ಅದರ ಮೇಲಿನ ಮೂರು ಮುಳುಗಿದರೆ ಅಕ್ಕಿ ಡಬ್ಬ ಅಟ್ಟಕ್ಕೆ. ಇನ್ನೊಂದು ಮುಳುಗಿದರೆ ಮಕ್ಕಳು ತವರಿಗೆ. ಆ್ಯಪ್ ಇಲ್ಲದವರು ಎಷ್ಟು ಕಷ್ಟದಲ್ಲಿ ಬದುಕುತ್ತಿದ್ದಾರೆ ನೋಡು.

ಬೇರೆ ಕಡೆ ಓಡಬಾರದೇ ಅಂತ ನೀನು ಕೇಳಬಹುದು. ಓಡಿ ನೋಡಿದ್ದೇವೆ. ಗಾಂಧಿ ಪಾರ್ಕಿನಲ್ಲಿ ಪುಟಾಣಿ ರೈಲಿನ ಹಳಿ, ಜಾರುಬಂಡೆ, ಹಾಸ್ಯಯೋಗದ ಹಿರಿಯರು, ಎಲ್ಲರನ್ನೂ ಸುತ್ತಿ ಬಳಸಿ ಐದು ಕಿಲೋಮೀಟರ್ ಪೂರೈಸಿದರೆ ನಕ್ಷೆಯ ಮೇಲೆ ಸುಟ್ಟ ಚಕ್ಕುಲಿಯಂಥದ್ದೇನೋ ಮೂಡುತ್ತದೆ. ನಾಲ್ಕು ಜನಕ್ಕೆ ತೋರಿಸುವ ಹಾಗಿಲ್ಲ. ಫ್ರೀಡಂ ಪಾರ್ಕ್ ವಿಶಾಲವಾಗಿದೆ, ಒಪ್ಪಿದೆ. ಹಿಂದೆ ಅದು ಜೈಲು. ಯಾರೂ ಓಡಿಹೋಗಬಾರದು ಅಂತ ಗೋಡೆ ಕಟ್ಟಿದ ಜಾಗಕ್ಕೆ ಈಗ ನಾವು ಓಡುವುದಕ್ಕೇ ಹೋಗುತ್ತೇವೆ. ಆದರೆ ಅಲ್ಲಿ ಯಾವಾಗ ಶಾಮಿಯಾನ ಏಳುತ್ತದೋ ಹೇಳಲಾಗದು. 2024ರ ಜನವರಿ 12ರಂದು ಯುವನಿಧಿಗೆ ಚಾಲನೆ ಸಿಕ್ಕಿದ್ದು ಅದೇ ಮೈದಾನದಲ್ಲಿ. ನಿರುದ್ಯೋಗಿಗಳಿಗೆ ಜಾಗ ಬಿಟ್ಟುಕೊಟ್ಟು ನಾವು ಪಕ್ಕದ ರಸ್ತೆಗೆ ಬಂದೆವು.

ನೆಹರೂ ಕ್ರೀಡಾಂಗಣಕ್ಕೆ ನಾನು ಹೋಗುವುದಿಲ್ಲ. ಅಲ್ಲಿ ಹಳ್ಳಿಗಳಿಂದ ಬಂದ ಹುಡುಗರು ಪೊಲೀಸ್ ಕೆಲಸಕ್ಕೆ ತಯಾರಿ ನಡೆಸುತ್ತಿರುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಒಂದು ಸೆಕೆಂಡು ಹೆಚ್ಚಾದರೂ ಕಾನ್‌ಸ್ಟೆಬಲ್ ಟೋಪಿ ಇಲ್ಲ. ಒಮ್ಮೆ ಹೋಗಿದ್ದಾಗ ಒಬ್ಬ ಬರಿಗಾಲಲ್ಲಿದ್ದ, ಹಿಮ್ಮಡಿಗೆ ಟೇಪು ಸುತ್ತಿಕೊಂಡಿದ್ದ. ನನ್ನನ್ನು ಹಿಂದಿನಿಂದ ಬಂದು ದಾಟಿ ಹೋದ, ಇನ್ನೊಂದು ಸುತ್ತು ಹಾಕಿ ಮತ್ತೆ ದಾಟಿದ, ‘ಸರ್, ಟೈಮ್ ಎಷ್ಟಾಯ್ತು?’ ಅಂದ. ಹೇಳಿದೆ. ಥ್ಯಾಂಕ್ಸ್ ಕೂಡ ಹೇಳಲಾರದಷ್ಟು ಏದುಸಿರಿನಲ್ಲಿ ಹೋದ. ನನ್ನ ಗಡಿಯಾರ ಯಾರಿಗಾದರೂ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅವತ್ತೊಂದೇ ದಿನ. ಅಂಥ ಕಡೆ ಓಡುವುದರಲ್ಲಿ ಆನಂದವಿಲ್ಲ.

ನಿನ್ನ ಪರವಾಗಿ ಮಾತಾಡುವವರೂ ಇದ್ದಾರೆ ಅಂತ ಗೊತ್ತು. 2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ’ ಅಂತ ಶೃಂಗೇರಿಯಿಂದ ಕಿಷ್ಕಿಂಧೆಯವರೆಗೆ ಪಾದಯಾತ್ರೆ ಹೊರಟವರು ನಮ್ಮೂರ ಮೇಲೇ ಹಾದುಹೋದರು. ಅಷ್ಟು ದೂರ ನಡೆದ ಅವರಿಗೆ ಪದಕವಿಲ್ಲ, ಬಣ್ಣದ ಟೀಶರ್ಟಿಲ್ಲ, ಕೊನೆಗೆ ಬಾಳೆಹಣ್ಣಿನ ಪೊಟ್ಟಣವೂ ಇಲ್ಲ. ಊರಿನ ಮೋರಿ ನೀರು ನಿನಗೆ ಸೇರಬಾರದು ಅನ್ನುವುದು ಅವರ ಹಟ. ನಮ್ಮದು ಅಂಥ ದೊಡ್ಡ ಬೇಡಿಕೆ ಅಲ್ಲ. ಮೋರಿ ಸೇರುವ ಕಡೆ ನಾವು ಮೂಗು ಹಿಡಿದುಕೊಂಡು ಸ್ವಲ್ಪ ಜೋರಾಗಿ ಓಡುತ್ತೇವೆ. ಅದರಿಂದ ಸರಾಸರಿ ವೇಗವೂ ಸುಧಾರಿಸಿದೆ.

ಆದ್ದರಿಂದ ತಿಳಿಯಪಡಿಸುವುದೇನೆಂದರೆ, ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ಯಾವ ಕಾರಣಕ್ಕೂ ಏರಕೂಡದು. ಏರಲೇಬೇಕಿದ್ದರೆ ಮಧ್ಯಾಹ್ನ ಏರು, ಆಗ ನಾವು ಆಫೀಸಿನಲ್ಲಿರುತ್ತೇವೆ. ಮಂಜು ಇರಲಿ, ಚಿತ್ರಕ್ಕೆ ಬೇಕು, ಆದರೆ ಮುಖ ಕಾಣದಷ್ಟು ಬೇಡ. ಬೇಸಿಗೆಯಲ್ಲಿ ಬಂಡೆ ತೋರಿಸಿಕೊಂಡು ಬತ್ತಿ ಮಲಗುವುದನ್ನೂ ಬಿಡಬೇಕು, ಏಪ್ರಿಲ್ ತಿಂಗಳ ಫೋಟೋ ಯಾರಿಗೂ ಇಷ್ಟವಾಗಿಲ್ಲ. ಹರಿಯುವ ಜಾಗ ಸಾಲದಿದ್ದರೆ ಊರ ಹೊರಗೆ ಬೈಪಾಸ್ ಇದೆ, ಲಾರಿಗಳೆಲ್ಲ ಅದನ್ನೇ ಬಳಸುತ್ತವೆ. ಕೂಡಲಿಗೆ ತಲುಪುವುದು ಒಂದು ಗಳಿಗೆ ತಡವಾದರೆ ಭದ್ರೆ ಕಾಯುತ್ತಾಳೆ.

ಈ ನೋಟಿಸು ತಲುಪಿದ ಏಳು ದಿನದೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ನಿನ್ನದು ಏನೂ ಹೇಳಿಕೆ ಇಲ್ಲವೆಂದು ಭಾವಿಸಲಾಗುವುದು.

ಇಂತಿ,
ಶಿವಮೊಗ್ಗದ ಒಬ್ಬ ಓಟಗಾರ

ಪ್ರತಿಗಳು:
ಮಾಲತಿ ಹೊಳೆಗೆ, ಎಚ್ಚರಿಕೆಯೊಂದಿಗೆ.
ಭದ್ರೆಗೆ, ಮೆಚ್ಚುಗೆಯೊಂದಿಗೆ.
ಕೋರ್ಪಲಯ್ಯನ ಛತ್ರದ ಮಂಟಪದ ಕಂಬಕ್ಕೆ ಅಂಟಿಸಲು. ಮುಳುಗಿದ್ದರೆ, ಇಳಿದ ಮೇಲೆ.