ಮನೆರಥ ಮೀಮಾಂಸೆ: ಅರಕಲಗೂಡು ಪ್ರಸ್ಥಾನ

ಶಾಸ್ತ್ರ ಬರೆಯಲು ಕೂತವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಹೇಳಿಬಿಡುತ್ತೇವೆ. ವಿಷಯ: ಒಳಗೇ ಬೇಯಿಸಿ, ಒಳಗೇ ಉಂಡು, ಒಳಗೇ ಮಲಗಿ ಊರೂರು ಸುತ್ತುವ ಮೋಟಾರು ಮನೆ, ಅದರಲ್ಲಿ ಯಾವ ಜಾತಿಯದು ಯಾರಿಗೆ ಒಗ್ಗುತ್ತದೆ ಎಂಬ ವಿಚಾರ. ಪ್ರಯೋಜನ: ಅಂಥದ್ದೊಂದನ್ನು ಕೊಳ್ಳದೆ ಉಳಿಯುವುದು, ಕೊಂಡಾಗಿದ್ದರೆ ಮನೆಯವರೆದುರು ತಲೆಯೆತ್ತಿ ಓಡಾಡುವುದು. ಸಂಬಂಧ: ಬೀಗರು, ನೆಂಟರು, ಇಷ್ಟರು. ಇವರನ್ನು ಬಿಟ್ಟು ಅರಕಲಗೂಡು ಸೀಮೆಯಲ್ಲಿ ಯಾವ ಗಾಡಿಯೂ ಹೊರಡುವ ರೂಢಿಯಿಲ್ಲ.

ಅಧಿಕಾರಿಯ ಲಕ್ಷಣಕ್ಕೆ ಮಾತ್ರ ಸ್ವಲ್ಪ ವಿಸ್ತಾರ ಬೇಕು. ಇವನು ನಡುವಯಸ್ಸಿನ ಗಂಡಸು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಇವನ ಹೊಗೆಸೊಪ್ಪಿನ ಬೇಲುಗಳು ಈ ಸಲ ಒಳ್ಳೆ ರೇಟಿಗೆ ಹೋಗಿವೆ. ಸೊಪ್ಪು ಹದಮಾಡುವ ಬ್ಯಾರನ್ನಿಗೆ ಉರಿ ಹಾಕುತ್ತ ಕೂತ ರಾತ್ರಿಗಳಲ್ಲಿ ನಿದ್ದೆ ತಡೆಯಲು ಮೊಬೈಲು ನೋಡುವ ಅಭ್ಯಾಸ ಹತ್ತಿದೆ. ಅದರಲ್ಲಿ ಯಾರೋ ಗಂಡ ಹೆಂಡತಿ, ಒಂದು ನಾಯಿ, ಹಿಂದೆ ಹಿಮದ ಬೆಟ್ಟ, ಮುಂದೆ ಹಬೆಯಾಡುವ ಕಾಫಿ, ನಡುವೆ ಒಂದು ವ್ಯಾನು. ಇಷ್ಟನ್ನು ಕಂಡ ಮಾತ್ರಕ್ಕೆ ವಿವೇಕ ಹೋಗಿ ವೈರಾಗ್ಯ ಬಂದವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಉಳಿದವರು ಓದಬಹುದು, ಫಲ ಕಡಿಮೆ.

ಪೂರ್ವಪಕ್ಷ ಅಮೆರಿಕದವರದು. ಅವರು ಮೋಟಾರು ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. ಬಸ್ಸಿನಂಥ ಚಾಸಿಯ ಮೇಲೆ ಕಟ್ಟಿದ ದೊಡ್ಡದು ಎ. ಸಾದಾ ವ್ಯಾನಿನ ಹೊಟ್ಟೆಯೊಳಗೇ ಎಲ್ಲವನ್ನೂ ತುರುಕಿದ್ದು ಬಿ. ಡ್ರೈವರಿನ ನೆತ್ತಿಯ ಮೇಲೆ ಅಟ್ಟದ ಹಾಗೆ ಹಾಸಿಗೆ ಚಾಚಿಕೊಂಡಿರುವ ನಡುಗಾತ್ರದ್ದು ಸಿ. ದೊಡ್ಡದು, ಸಣ್ಣದು, ನಡುವಿನದು ಎಂದು ಎಣಿಸುವವರ ಮಿಕ್ಕ ತರ್ಕವನ್ನು ಎಷ್ಟು ನಂಬಬಹುದೋ ವಾಚಕರೇ ನೋಡಿಕೊಳ್ಳಲಿ. ಯುರೋಪಿನವರು ಇನ್ನೂ ಕಟ್ಟುನಿಟ್ಟು. ಅಲ್ಲಿಯ ನಿಯಮದಂತೆ ಒಂದು ವಾಹನ ಮೋಟಾರ್ ಕ್ಯಾರವಾನ್ ಎನಿಸಿಕೊಳ್ಳಲು ಕೂರುವ ಸೀಟು ಮತ್ತು ಮೇಜು, ಮಲಗುವ ಏರ್ಪಾಡು, ಅಡುಗೆಯ ಅನುಕೂಲ, ಸಾಮಾನಿಡುವ ಜಾಗ, ಇಷ್ಟಾದರೂ ಇರಬೇಕು. ಸೀಟನ್ನೇ ಮಡಚಿ ಹಾಸಿಗೆ ಮಾಡಿಕೊಂಡರೂ ಅಡ್ಡಿಯಿಲ್ಲ. ಇಲ್ಲೊಂದು ಕ್ಷಣ ನಿಲ್ಲಿ. ಪಟ್ಟಿಯಲ್ಲಿ ಕಕ್ಕಸಿಲ್ಲ. ಈ ಮೌನದ ಮೇಲೆ ನಮ್ಮ ಸಿದ್ಧಾಂತದ ಅರ್ಧ ಭಾರ ಕೂತಿದೆ.

ಈ ವಿದ್ಯೆಯ ಆದ್ಯ ಆಚಾರ್ಯ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯ. 1885ರಲ್ಲಿ ಬ್ರಿಸ್ಟಲ್‌ನ ವ್ಯಾಗನ್ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಮರದ ಮನೆಗಾಡಿ ಮಾಡಿಸಿ, ಜೋಡಿ ಕುದುರೆ ಕಟ್ಟಿ, ಸುಮಾರು ಎರಡು ಟನ್ ಭಾರ ಎಳೆಸಿಕೊಂಡು ಬ್ರಿಟನ್ ಸುತ್ತಿದ. ಸಂಗಡ ಗಾಡಿ ಹೊಡೆಯುವವನು, ಒಂದು ದೊಡ್ಡ ನಾಯಿ, ಒಂದು ಗಿಳಿಜಾತಿಯ ಹಕ್ಕಿ. ಇವರೆಲ್ಲರ ಮುಂದೆ ಮೂರು ಗಾಲಿಯ ಸೈಕಲ್ ತುಳಿಯುತ್ತ, ದೊಡ್ಡ ಗಾಡಿ ಬರುತ್ತಿದೆಯೆಂದು ದಾರಿಯವರಿಗೆ ಹೇಳಿಕೊಂಡು ಹೋಗುವ ಒಬ್ಬ ಆಳು. ಇಂಗ್ಲಿಷರು ಇದನ್ನು ಸಾಹಸವೆನ್ನುತ್ತಾರೆ. ನಾವು ಕೇಳುವ ಪ್ರಶ್ನೆ ಒಂದೇ. ದಾರಿಯಲ್ಲಿ ಒಬ್ಬ ಷಡ್ಡಕನ ಮನೆ ಇದ್ದಿದ್ದರೆ ಆ ಮಹಾನುಭಾವ ಎರಡು ಟನ್ ಮರವನ್ನು ಯಾಕೆ ಎಳೆಸುತ್ತಿದ್ದ?

ಇದರಿಂದ ಮೊದಲ ಸೂತ್ರ ಹುಟ್ಟುತ್ತದೆ: ದಾರಿಯಲ್ಲಿ ನೆಂಟರು ಹೆಚ್ಚಿದಷ್ಟೂ ಮನೆರಥದ ಅಗತ್ಯ ತಗ್ಗುತ್ತದೆ. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿ.ಮೀ. ಅಷ್ಟರೊಳಗೆ ಒಂದು ತವರು, ಎರಡು ಬೀಗರ ಮನೆ, ಮಾತುಬಿಟ್ಟ ದಾಯಾದಿಯದೊಂದು ಮನೆ ಸಿಕ್ಕದ ಕುಟುಂಬ ಅಪರೂಪ. ಮಾತುಬಿಟ್ಟವರ ಮನೆ ಲೆಕ್ಕಕ್ಕೆ ಬರುತ್ತದೆಯೇ ಎಂಬಲ್ಲಿ ಮತಭೇದವಿದೆ. ಮಳೆ ಬಂದರೆ ಬರುತ್ತದೆ ಎಂಬುದು ನಮ್ಮ ಪಕ್ಷ.

ಹಾಗಾದರೆ ನಮ್ಮವರು ಮನೆರಥವನ್ನೇ ಕಂಡಿರಲಿಲ್ಲವೇ? ಕಂಡಿದ್ದರು, ಎತ್ತು ಕಟ್ಟಿದ್ದರು. ಕಮಾನು ಗಾಡಿಯ ರಚನೆಯನ್ನು ಹತ್ತಿರದಿಂದ ನೋಡಿ. ಬಿದಿರಿನ ದಬ್ಬೆ ಬಗ್ಗಿಸಿ ಕಮಾನು, ಅದರ ಮೇಲೆ ಚಾಪೆ. ಒಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ. ರಾತ್ರಿ ಮಲಗುವ ಹಾಸಿಗೆಯೇ ಬೆಳಿಗ್ಗೆ ಎತ್ತಿನ ಮೇವು. ಎಂಜಿನ್ನು ತಾನು ಎಳೆಯುವ ಹಾಸಿಗೆಯನ್ನೇ ಇಂಧನ ಮಾಡಿಕೊಳ್ಳುವ ಈ ಉಪಾಯ ಅಮೆರಿಕದ ಯಾವ ವರ್ಗದಲ್ಲೂ ಇಲ್ಲ. ಅಚ್ಚಿನ ಕೆಳಗೆ ತೂಗಾಡುವ ಲಾಟೀನು, ಪಕ್ಕದಲ್ಲಿ ಕೀಲೆಣ್ಣೆಯ ಬಿದಿರು ಕೊಳವೆ. ಷಷ್ಠಿ ತೇರಿಗೆಂದು ರಾತ್ರಿ ಉಂಡು ಹೊರಟವರು ಬೆಳಗಿನ ಜಾವ ರಾಮನಾಥಪುರದ ಕಾವೇರಿಯಲ್ಲಿ ಮಿಂದು, ವಹ್ನಿಪುಷ್ಕರಿಣಿಯ ಮೀನುಗಳಿಗೆ ಕಡ್ಲೆಪುರಿ ಹಾಕುತ್ತಿದ್ದರು. ನಡುವೆ ಗಾಡಿ ಹೊಡೆಯುವವನೂ ನಿದ್ದೆ ಮಾಡುತ್ತಿದ್ದ. ಎತ್ತುಗಳಿಗೆ ದಾರಿ ಗೊತ್ತು. ಒಮ್ಮೊಮ್ಮೆ ಅವಕ್ಕೆ ಗೊತ್ತಿದ್ದದ್ದು ಸಂತೆಮಾಳದ ದಾರಿಯೊಂದೇ ಆಗಿರುತ್ತಿತ್ತು, ಅದು ಬೇರೆ ಮಾತು.

ಭಾರದ ವಿಷಯದಲ್ಲಿ ಈ ಗಾಡಿಯವರ ಜ್ಞಾನ ಇವತ್ತಿನ ಕೊಳ್ಳುವವರಿಗಿಂತ ಮೇಲು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಅಮುಕುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಜೊತಗೆ ಕುತ್ತಿಗೆ ಬಿಗಿಯುತ್ತದೆ. ಆದ್ದರಿಂದ ಏರು ಬಂದಾಗ ‘ದೊಡ್ಡಪ್ಪಾ, ವಸಿ ಮುಂದುಕ್ಕೆ ಸರ್ಕೊ’, ಇಳಿಜಾರು ಬಂದಾಗ ‘ದೊಡ್ಡಪ್ಪಾ, ಹಿಂದುಕ್ಕೆ’. ದೊಡ್ಡಪ್ಪನೆಂಬ ಚಲಿಸುವ ತೂಕದಿಂದ ಸಮತೋಲ ಕಾಯುತ್ತಿದ್ದರು. ಈಗಿನ ಮೋಟಾರು ಮನೆಯಲ್ಲಿ 100 ಲೀಟರ್ ನೀರಿನ ಟ್ಯಾಂಕು ಎಂದರೆ 100 ಕೆ.ಜಿ.; ಮೇಲೆ ಬ್ಯಾಟರಿ, ಕಪಾಟು, ಫ್ರಿಜ್ಜು. ಅಚ್ಚು ಹೊರುವ ಮಿತಿಯೊಳಗೆ ಇಷ್ಟೆಲ್ಲ ಕಳೆದ ಮೇಲೆ ಮನುಷ್ಯರಿಗೆ ಎಷ್ಟು ಉಳಿಯುತ್ತದೆ ಎಂದು ಕೇಳುವವರಿಲ್ಲ. ಹಾಸಿಗೆ ಎಷ್ಟು ಎಂದು ಕೇಳುತ್ತಾರೆ. ನೀರಿನ ಟ್ಯಾಂಕಿಗೆ ಹಿಂದಕ್ಕೆ ಸರಿ ಎಂದರೆ ಸರಿಯುತ್ತದೆಯೇ?

ಈಗ ಶೌಚಪಾಕ ಸಾಮೀಪ್ಯ ದೋಷ. ವ್ಯಾನಿನೊಳಗೆ ಒಲೆಗೂ ಕಕ್ಕಸಿಗೂ ಎರಡು ಮೊಳ. ಹಳೆಯ ಹಟ್ಟಿಯಲ್ಲಿ ಇವೆರಡರ ನಡುವೆ ಪಡಸಾಲೆ, ಕೊಟ್ಟಿಗೆ, ಹಿತ್ತಲು, ಮತ್ತೊಬ್ಬರ ಹೊಲ ಇರುತ್ತಿದ್ದವು. ಇಲ್ಲಿ ಆಪ್ತವಾಕ್ಯವೇ ಪ್ರಮಾಣ. ಬೆಂಗಳೂರಿನಿಂದ ಬಂದ ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೋರಿಸಿ ಎಲ್ಲವನ್ನೂ ವಿವರಿಸಿದಾಗ ಅಜ್ಜಿ ಹೇಳಿದ್ದು:

“ಅಲ್ಲ ಕಣ್ ಮಗಾ, ಒಲೆ ಪಕ್ಕದಗೇ ಕಕ್ಕಸ್ಸಾ?”

“ಮಧ್ಯ ಬಾಗಿಲಿರುತ್ತೆ ಅಜ್ಜಿ.”

“ಬಾಗ್ಲಿದ್ರೆ? ವಾಸ್ನೆ ಬಾಗ್ಲು ತಟ್ಕಂಡ್ ಬತ್ತದಾ? ನಾ ಬರಾಕಿಲ್ಲ, ನೀವೇ ಹೋಗ್ಬನ್ನಿ.”

ಅಜ್ಜಿ ಬಾರದ ಮೇಲೆ ಅಜ್ಜಿಗಾಗಿ ಹೊತ್ತ ಹರಕೆಗೆ ಅರ್ಥವಿಲ್ಲ. ಹರಕೆಯಿಲ್ಲದೆ ಪ್ರಯಾಣಕ್ಕೆ ಕಾರಣವಿಲ್ಲ. ಯುರೋಪಿನ ನಿಯಮ ಕಕ್ಕಸನ್ನು ಕಡ್ಡಾಯ ಮಾಡದೆ ಬಿಟ್ಟದ್ದು ಅಲ್ಲಿಯೂ ಒಬ್ಬ ಅಜ್ಜಿ ಸಮಿತಿಯಲ್ಲಿ ಇದ್ದಿರಬೇಕೆಂಬ ಅನುಮಾನಕ್ಕೆ ಎಡೆಮಾಡುತ್ತದೆ.

ಒಲೆಯ ಕತೆ ಇದಕ್ಕಿಂತ ಗಂಭೀರ. ಮಾರುವವರು ಎರಡು ಬರ್ನರಿನ ಮಡಚುವ ಒಲೆ ತೋರಿಸಿ ಅಡುಗೆಮನೆ ಎನ್ನುತ್ತಾರೆ. ಈ ಸೀಮೆಯಲ್ಲಿ ಅದನ್ನು ಒಪ್ಪುವ ಮೊದಲು ಮುದ್ದೆ ಪರೀಕ್ಷೆ ಆಗಬೇಕು. ಎಸರು ಕುದಿದು, ಹಿಟ್ಟು ಬಿದ್ದು, ಬೆಂದ ಮೇಲೆ ಪಾತ್ರೆ ನೆಲಕ್ಕಿಳಿಯಬೇಕು. ಕವೆಗೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ತುದಿಗಳನ್ನು ಎರಡು ಪಾದಗಳಿಂದ ಮೆಟ್ಟಿ ಕೂತು, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ಗಂಟಿಲ್ಲದಂತೆ ತಿರುವಬೇಕು. ಹತ್ತು ಜನರ ಮುದ್ದೆ ತಿರುವುವಾಗ ಮೈಯ ಭಾರವೆಲ್ಲ ಕೋಲಿಗಿಳಿಯುತ್ತದೆ. ಬಿ ವರ್ಗದ ವ್ಯಾನಿನ ನಡುದಾರಿಯಲ್ಲಿ ಕಾಲು ಚಾಚಿದರೆ ಒಂದು ಪಾದ ಫ್ರಿಜ್ಜಿಗೆ, ಇನ್ನೊಂದು ಕಕ್ಕಸಿನ ಬಾಗಿಲಿಗೆ ತಗುಲುತ್ತದೆ (ದೋಷದ ಮೇಲೆ ದೋಷ). ಸಿ ವರ್ಗದಲ್ಲಿ ಕೂರಬಹುದು, ತಿರುವಿದರೆ ಗಾಡಿ ಸ್ಪ್ರಿಂಗಿನ ಮೇಲೆ ಓಲಾಡಿ ಅಟ್ಟದಲ್ಲಿ ಮಲಗಿದವರು ಏಳುತ್ತಾರೆ. ಎ ವರ್ಗವೊಂದೇ ಉತ್ತೀರ್ಣ. ಆದರೆ ಎ ವರ್ಗದ್ದು ಕೊಡ್ಲಿಪೇಟೆ, ಶನಿವಾರಸಂತೆ ದಾಟಿ ಬಿಸ್ಲೆ ಘಾಟಿಯ ತಿರುವುಗಳಲ್ಲಿ ಇಳಿದು ಕುಕ್ಕೆ ಸೇರುವುದನ್ನು ಊಹಿಸಿಕೊಳ್ಳಿ. ಎದುರಿಗೆ ಬಸ್ಸು ಬಂದರೆ ಸ್ಟೇಬಲ್ಸನ ಸೈಕಲ್ ಆಳು ಇಲ್ಲಿ ನಿಜಕ್ಕೂ ಬೇಕಾಗುತ್ತಾನೆ.

ಟಿಟಿ ಎಂದು ಜನ ಕರೆಯುವ ಟೆಂಪೊ ಟ್ರಾವೆಲರ್ ಈ ಇಕ್ಕಟ್ಟನ್ನು ಬಿಡಿಸಿದ ಬಗೆ ಶಾಸ್ತ್ರಸಮ್ಮತ. ಶಬರಿಮಲೆ ಸೀಸನ್ನಿನಲ್ಲಿ ನೋಡಬೇಕು. ಟಾಪಿನ ಮೇಲೆ ಟಾರ್ಪಾಲಿನಡಿ ಕೊಳದಪ್ಪಲೆ, ಸೌಟು, ಅಕ್ಕಿ ಮೂಟೆ. ಕಿಟಕಿಗಳಲ್ಲಿ ಒಣಗುವ ಪಂಚೆ. ಒಲೆ ಗಾಡಿಯಿಂದ ಇಳಿದು ಮರದಡಿ ಹೊತ್ತುತ್ತದೆ, ಕಕ್ಕಸು ಪೆಟ್ರೋಲ್ ಬಂಕಿನವರ ಜವಾಬ್ದಾರಿ, ಹಾಸಿಗೆ ಛತ್ರದ್ದು. ಹೀಗೆ ಮನೆಯ ಮೂರು ಅಂಗಗಳನ್ನೂ ಹೊರಗೆ ಹಂಚಿ, ಗಾಡಿಯೊಳಗೆ ಮನುಷ್ಯರನ್ನೂ ಭಜನೆಯನ್ನೂ ಮಾತ್ರ ಉಳಿಸಿಕೊಂಡದ್ದು ದೊಡ್ಡ ದಾರ್ಶನಿಕ ಸಾಧನೆ. ಹಿಂದಿನ ಸೀಟಿನಡಿ ತುಂಬಿದ ಸಿಲಿಂಡರ್ ಇಟ್ಟುಕೊಂಡು ಹೋಗುವವರನ್ನು ಮಾತ್ರ ನಮ್ಮ ಶಾಸ್ತ್ರ ಸಮರ್ಥಿಸುವುದಿಲ್ಲ; ಅಯ್ಯಪ್ಪನ ಬಳಿಗೆ ಹೋಗಲು ಅಷ್ಟು ಅವಸರ ಬೇಡ.

ತೇರನ್ನು ಮನೆರಥವೆಂದು ಒಪ್ಪಬೇಕೆಂದು ಕೆಲವರು ವಾದಿಸುತ್ತಾರೆ. ಮನೆಯೊಡೆಯ ಒಳಗೇ ಕೂತಿರುತ್ತಾನೆ ನಿಜ. ಆದರೆ ರಿವರ್ಸ್ ಗೇರಿಲ್ಲ, ಬ್ರೇಕು ಮರದ ತುಂಡು ಹಿಡಿದು ಚಕ್ರದ ಪಕ್ಕ ಓಡುವವರ ಕೈಯಲ್ಲಿದೆ. ಬಿಟ್ಟುಬಿಡೋಣ. ಸಂಗೀತಗಾರರ ಊರಾದ ರುದ್ರಪಟ್ಟಣದವರಿಗೆ ಒಂದು ವಿಶೇಷ ವಿಧಿ: ಒಳಗೆ ತಂಬೂರಿ ಉದ್ದಕ್ಕೆ ಮಲಗುವಷ್ಟು ಜಾಗ ಮೊದಲು ಅಳೆದು, ಉಳಿದಲ್ಲಿ ಸಂಗೀತಗಾರ ಮಲಗತಕ್ಕದ್ದು. ಟೈರು ಸವೆಯದ ಪ್ರಯಾಣಕ್ಕೆ ಉದಾಹರಣೆ ಬೇಕಿದ್ದರೆ ಕಾದಂಬರಿಕಾರ ಅ.ನ.ಕೃ. ಇದ್ದಾರೆ. 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಹೆಸರಿನ ಮೊದಲಕ್ಷರದಲ್ಲಿ ಅರಕಲಗೂಡನ್ನು ಕೂರಿಸಿಕೊಂಡು ಕರ್ನಾಟಕವೆಲ್ಲ ಸುತ್ತಿಸಿದರು. ಊರಿಗೆ ಖರ್ಚು ಬೀಳಲಿಲ್ಲ.

ಸ್ಮೃತಿವಾಕ್ಯಗಳನ್ನು ಬೇಗ ಮುಗಿಸುತ್ತೇವೆ. ಹಳೆ ಮಿನಿ ಬಸ್ಸು ತಂದು ಊರ ಬಡಗಿಯಿಂದ ಮಂಚ ಹೊಡೆಸಿದರಾಯಿತು ಎನ್ನುವವರಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಲ್ಲುತ್ತದೆ. ತಯಾರಕರು ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಮೋಟಾರ್ ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡ ನಮ್ಮ ದೇಶದಲ್ಲಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ನಮ್ಮ ಕಡೆ ಕ್ಯಾರವಾನ್ ಎಂದರೆ ಈಗಲೂ ಸಿನಿಮಾ ಹೀರೊ ಬಣ್ಣ ಹಚ್ಚಿಕೊಳ್ಳುವ ಬಸ್ಸು. ಅದು ಊರಿಗೆ ಬಂದರೆ ಶೂಟಿಂಗ್ ಬಿಟ್ಟು ಅದನ್ನೇ ನೋಡುತ್ತಾರೆ.

ಇನ್ನು ಸಿದ್ಧಾಂತ. ಎಲ್ಲ ಲಕ್ಷಣ ಕೂಡಿದ, ವರ್ಷವಿಡೀ ಜನ ನಿಜಕ್ಕೂ ಬಾಳುವ ಮನೆರಥ ಅರಕಲಗೂಡಿನ ರಸ್ತೆಯಲ್ಲಿ ಒಂದೇ. ಅದು ಬೋರ್‌ವೆಲ್ ಲಾರಿ. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುತ್ತದೆ, ಸಾಮಾನ್ಯವಾಗಿ ಜೋಡಿ: ಒಂದರ ಮೇಲೆ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಪೈಪು, ಡೀಸೆಲ್, ಸಂಸಾರ. ಹೊಲದ ಬದುವಿನಲ್ಲಿ ನಿಂತಾಗ ಹತ್ತಿರ ಹೋಗಿ ನೋಡಿ. ಪೈಪುಗಳ ನಡುವೆ ಟ್ರಂಕು, ಸುರುಳಿ ಸುತ್ತಿದ ಚಾಪೆ, ಸೊಪ್ಪಿನ ಕಟ್ಟು. ಹಗ್ಗದ ಮೇಲೆ ಒಣಗಲು ಹಾಕಿದ ಬನಿಯನ್ನುಗಳೆಲ್ಲ ಒಂದೇ ಬೂದಿ ಬಣ್ಣ, ಕಲ್ಲಿನ ಪುಡಿ. ಲಾರಿಯ ನೆರಳಲ್ಲಿ ಒಲೆ. ಆರುನೂರು ಅಡಿ ದಾಟಿದರೂ ನೀರು ಬಾರದೆ ಜಮೀನಿನವನು ತಲೆ ಮೇಲೆ ಕೈಹೊತ್ತು ಕೂತಿರುವಾಗ ಅಲ್ಲಿ ಸಾಂಬಾರು ಕುದಿಯುತ್ತಿರುತ್ತದೆ. ರಾತ್ರಿ ಕೆಲವರು ಲಾರಿಯ ಕೆಳಗೆ, ಕೆಲವರು ಮೇಲೆ. ಮೇಜಿಲ್ಲ, ಮಡಚುವ ಹಾಸಿಗೆಯಿಲ್ಲ, ಕಕ್ಕಸಿಲ್ಲ, ಬಯಲಿದೆ. ಈ ಹುಡುಗರಿಗೆ ಹಾಸನ ಜಿಲ್ಲೆಯಲ್ಲಿ ಷಡ್ಡಕರಿಲ್ಲ, ಬೀಗರಿಲ್ಲ. ಮೊದಲ ಸೂತ್ರ ಇವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಇವರ ವಿಡಿಯೊ ಮಾಡಿ ಹಿಂದೆ ಹಿಮದ ಬೆಟ್ಟ ಇಡುವವರು ಯಾರೂ ಇಲ್ಲವಾದ್ದರಿಂದ ನಮ್ಮ ಅಧಿಕಾರಿಯ ಕಣ್ಣಿಗೆ ಇದು ಬಿದ್ದಿಲ್ಲ. ಅವನ ಜಮೀನಿನಲ್ಲೇ ಮೂರು ದಿನ ನಿಂತಿತ್ತು.

ಶಾಸ್ತ್ರ ಕೇಳದೆ ಈಗಾಗಲೇ ಕೊಂಡವರಿಗೆ ಪ್ರಾಯಶ್ಚಿತ್ತ ಉಂಟು. ಗಾಡಿಯನ್ನು ಕಣದಲ್ಲಿ ಬೇವಿನ ಮರದಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹಬ್ಬಕ್ಕೆ ಬಂದ ಅಳಿಯನನ್ನು ಅದರಲ್ಲಿ ಮಲಗಿಸತಕ್ಕದ್ದು. ಎಸಿ ಇದೆಯೆಂದು ಅವನಿಗೂ ಸಂತೋಷ, ಗೊರಕೆ ಕೇಳುವುದಿಲ್ಲವೆಂದು ಮನೆಯವರಿಗೂ ಸಂತೋಷ.

ಫಲಶ್ರುತಿ: ಈ ಮೀಮಾಂಸೆಯನ್ನು ಬೆಳಿಗ್ಗೆ ಓದಿದವನಿಗೆ ಬ್ಯಾಂಕಿನಲ್ಲಿ ವಾಹನ ಸಾಲ ಮಂಜೂರಾಗುತ್ತದೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡವನು ಜಾಮೀನು ಹಾಕುತ್ತಾನೆ. ಓದದೆ ಕೇಳದೆ ಹಾದುಹೋದವನಿಗೆ ಕುಕ್ಕೆಗೆ ಹೊರಟ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ.